ತೋಪಿನಲ್ಲಿ ಅರವತ್ತಮೂರು ಒಲೆ

ನಾಗಮಂಗಲದ ಕಡೆಯಿಂದ ಇಳಿದು, ಪಾಂಡವಪುರದ ಗದ್ದೆಗಳ ನಡುವೆ ಹಾದು, ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಸೇರುವ ಲೋಕಪಾವನಿ ದೊಡ್ಡ ಹೊಳೆಯಲ್ಲ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರು. ಮಳೆಗಾಲದಲ್ಲಿ ಮಾತ್ರ ಎತ್ತಿನ ಜೋಡಿಯನ್ನು ಗಾಡಿಸಮೇತ ಹೊತ್ತೊಯ್ಯುವಷ್ಟು ಸೆಳೆತ. ಈ ಕಣಿವೆಯ ಹಳೆಯ ನಕ್ಷೆಯೊಂದಿದೆ. ಇಂಚಿಗೊಂದು ಮೈಲಿಯ ಲೆಕ್ಕದ್ದು, 1930ರ ಮೊದಲ ತಿಂಗಳುಗಳಲ್ಲಿ ಅಳೆದದ್ದು. ಕೆರೆ, ಕಟ್ಟೆ, ತೋಪು, ಗುಡಿ, ಗಾಡಿದಾರಿ, ಕುಡಿಯುವ ನೀರಿನ ಬಾವಿ, ಒಂದನ್ನೂ ಬಿಟ್ಟಿಲ್ಲ. ಒಳ್ಳೆಯ ಕೆಲಸಗಾರರು ಮಾಡಿದ ನಕ್ಷೆ. ಹೊಳೆಯ ಪಡುವಣ ದಡದಲ್ಲಿ, ಗಾಡಿಗಳು ಹಾಯುವ ಬಂಡೆಹಾಸಿನ ಎದುರಿಗೆ, ಚುಕ್ಕಿಗೆರೆಯ ನಾಲ್ಕು ಚೌಕಗಳಿವೆ. ಪಕ್ಕದಲ್ಲಿ ಹೆಸರಿಲ್ಲ. ಪಾಳುಬಿದ್ದದ್ದು ಎಂಬ ಅರ್ಥದ ಒಂದೇ ಒಂದು ಇಂಗ್ಲಿಷ್ ಪದವಿದೆ.

ಆ ಚೌಕಗಳಿರುವಲ್ಲಿ ಉಗನಿಕೊಪ್ಪಲು ಎಂಬ ಊರಿದೆ. ನಕ್ಷೆ ಬರೆದಾಗಲೂ ಇತ್ತು.

ಕಣಿವೆಯ ಹಳೆಯ ಕೆರೆಗಳಲ್ಲಿ ಎಷ್ಟು ಉಳಿದಿವೆ ಎಂದು ನೋಡಲು 1994ರ ಕೊನೆಯಲ್ಲಿ ನಾನು ಆ ನಕ್ಷೆಯ ಪ್ರತಿ ಹಿಡಿದು ಊರೂರು ತಿರುಗುತ್ತಿದ್ದೆ. ಉಗನಿಕೊಪ್ಪಲಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದವರು ದೊಡ್ಡತಾಯಮ್ಮ. ಆಗ ಅವರಿಗೆ ಎಪ್ಪತ್ತನಾಲ್ಕು. ಎತ್ತರದ ಆಳು, ಬೆನ್ನು ಬಾಗಿರಲಿಲ್ಲ. ಕಂಕುಳಲ್ಲಿ ಹುಲ್ಲಿನ ಹೊರೆ ಇತ್ತು.

"ಮೇಡಮ್ಮೋರೆ, ಆ ಕಾಗ್ದುದಲ್ಲಿ ನಮ್ಮೂರು ಎಲ್ಲದೆ, ತೋರ್ಸಿ."

ತೋರಿಸಿದೆ.

"ಏನಂತ ಬರ್ದವ್ರೆ?"

"ಪಾಳು ಅಂತ."

"ಅದು ಗೊತ್ತು. ಯಾವ್ ವರ್ಸುದ್ದು?"

ಹೇಳಿದೆ.

"ಯಾವ್ ತಿಂಗ್ಳು?"

"ತಿಂಗಳು ಬರೆದಿಲ್ಲ. ಚಳಿಗಾಲ ಕಳೆಯುವ ಹೊತ್ತು."

"ಸುಗ್ಗಿ ಆದ್ಮೇಲೆ ಅನ್ನಿ," ಎಂದರು. ಮತ್ತೇನೂ ಕೇಳದೆ ಹೊರೆಯನ್ನು ಎಮ್ಮೆಗಳ ಮುಂದೆ ಕೆಡವಿ ಒಳಗೆ ಹೋದರು.

ದೊಡ್ಡತಾಯಮ್ಮ ಹುಟ್ಟಿದ್ದು ಆ ಊರಿನಲ್ಲೇ. ಸೋದರಮಾವನನ್ನೇ ಮದುವೆಯಾದ್ದರಿಂದ ಮೂಡಲಬೀದಿಯ ಮನೆಯಿಂದ ಪಡುವಲಬೀದಿಯ ಮನೆಗೆ ಹೋದದ್ದೇ ಅವರ ಬದುಕಿನ ಉದ್ದದ ಪಯಣ. ನಲವತ್ತಕ್ಕೆ ಗಂಡ ತೀರಿಕೊಂಡರು. ಎರಡು ಎಕರೆ ಗದ್ದೆಯನ್ನು ಯಾರಿಗೂ ಗುತ್ತಿಗೆ ಕೊಡದೆ ತಾವೇ ಮಾಡಿದರು. ಕಬ್ಬು ಹಾಕಿ ಪಾಂಡವಪುರದ ಕಾರ್ಖಾನೆಗೆ ಸಾಗಿಸಿದರು. ಡೈರಿ ಬಂದ ಮೇಲೆ ಎರಡು ಹೊತ್ತೂ ಹಾಲು ಹಾಕಿದರು. ಸಾಕ್ಷರತಾ ಆಂದೋಲನದವರು ಲಾಟೀನು, ಪಾಟಿ ಹಿಡಿದು ಮನೆಗೆ ಬಂದಾಗ, "ನಂಗೆ ಬೇಕಾದ್ದೆಲ್ಲ ನೆಪ್ಪಲ್ಲದೆ. ಮರೆಯೋರಿಗೆ ಕಲ್ಸಿ, ಓಗಿ," ಎಂದು ಕಳಿಸಿದ್ದರಂತೆ. ಅಕ್ಷರ ಕಲಿಯದ್ದು ಅವರ ತಪ್ಪು ಎಂದೇ ನನ್ನ ಅಭಿಪ್ರಾಯ. ಅದನ್ನು ಅವರಿಗೂ ಹೇಳಿದ್ದೇನೆ. ಆದರೆ ನೆನಪಿನ ಬಗ್ಗೆ ಅವರು ಹೇಳಿದ್ದು ಜಂಬದ ಮಾತಾಗಿರಲಿಲ್ಲ. ಅದಕ್ಕೆ ಕಾರಣ ಅವರ ಇನ್ನೊಂದು ಕೆಲಸ.

ಉಗನಿಕೊಪ್ಪಲಿನಲ್ಲಿ ಪ್ರತಿವರ್ಷ ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ ಒಂದು ಮಂಗಳವಾರ ಹೊರಬೀಡು ನಡೆಯುತ್ತದೆ. ಹೊತ್ತು ಮೂಡುವ ಮೊದಲು ಊರಿಗೆ ಊರೇ ಮನೆ ಬಿಟ್ಟು ಹೊರಡಬೇಕು. ಮುದುಕರು, ಬಾಣಂತಿಯರು, ದನ, ಕುರಿ, ಕೋಳಿ, ನಾಯಿ, ಒಂದು ಜೀವವೂ ಒಳಗೆ ಉಳಿಯುವಂತಿಲ್ಲ. ಊರಬಾಗಿಲಿಗೆ ಕಾರೆಮುಳ್ಳು ಎಳೆಯುತ್ತಾರೆ. ಮಾರಿ ಬಂದು ನೋಡಿದರೆ ಊರು ಹಾಳುಬಿದ್ದಂತೆ ಕಾಣಬೇಕು, ಕಂಡು ಅವಳು ಮುಂದಿನ ದಾರಿ ಹಿಡಿಯಬೇಕು. ಇದು ನಂಬಿಕೆ. ಅವಳು ಯಾವ ವೇಷದಲ್ಲಿ ಬಂದು ಕೇಳುತ್ತಾಳೋ ತಿಳಿಯದಾದ್ದರಿಂದ, ಅಂದು ಹೊತ್ತು ಮುಳುಗುವವರೆಗೆ ಊರಿನವರು ಯಾರೂ ಊರ ಹೆಸರೆತ್ತುವಂತಿಲ್ಲ. ಯಾರೇ ಕೇಳಲಿ, 'ಅದು ಹಾಳೂರು, ಅಲ್ಲಿ ಯಾರೂ ಇಲ್ಲ' ಎನ್ನಬೇಕು. ನೆತ್ತಿಗೆ ಬಿಸಿಲು ಬಂದ ಮೇಲೆ ದಿಬ್ಬದಾಚೆಯ ಹುಣಸೆತೋಪಿನಲ್ಲಿ ಮನೆಗೊಂದು ಒಲೆ ಹೂಡಿ ಅಡಿಗೆ ಮಾಡುತ್ತಾರೆ.

ಅಷ್ಟು ಜನ ಒಂದು ತೋಪಿಗೆ ನುಗ್ಗಿದರೆ ನೆರಳಿಗೆ ಜಗಳ, ಗಾಳಿಗೆ ಜಗಳ. ಅದಕ್ಕೆ ದೊಡ್ಡತಾಯಮ್ಮನ ಅಜ್ಜಿಯ ಕಾಲದಿಂದ ಒಂದು ಕಟ್ಟಳೆಯಿದೆ. ಊರಿನಲ್ಲಿ ಯಾರ ಮನೆ ಎಲ್ಲಿದೆಯೋ ತೋಪಿನಲ್ಲಿ ಅವರ ಒಲೆ ಅಲ್ಲೇ. ಹಿಂದಿನ ದಿನ ದೊಡ್ಡತಾಯಮ್ಮ ಬೂದಿಯ ಪುಟ್ಟಿ ಹಿಡಿದು ಊರನ್ನು ಹೆಜ್ಜೆಯಲ್ಲಿ ಅಳೆಯುತ್ತಾರೆ. ಆಮೇಲೆ ತೋಪಿಗೆ ಹೋಗಿ ಊರಿನ ಮೂರು ಹೆಜ್ಜೆಗೆ ಒಂದು ಹೆಜ್ಜೆಯಂತೆ ನಡೆದು, ಮನೆಮನೆಗೂ ಬೂದಿಯಲ್ಲಿ ಗುರುತು ಹಾಕುತ್ತಾರೆ. ಪ್ರತಿ ಗುರುತಿನ ಮೇಲೆ ಮೂರು ಕಲ್ಲು. ಬೀದಿ ತಿರುಗುವಲ್ಲಿ ಒಲೆಗಳ ಸಾಲೂ ತಿರುಗುತ್ತದೆ. ಅಣ್ಣತಮ್ಮಂದಿರು ಬೇರೆಯಾದ ವರ್ಷ ಒಂದು ಗುರುತು ಎರಡಾಗುತ್ತದೆ. ಊರಿನಿಂದ ದೂರವಿಟ್ಟ ಕೇರಿ ತೋಪಿನಲ್ಲೂ ಅಷ್ಟೇ ದೂರವಿರುತ್ತದೆ. ಅದನ್ನು ನಾನು ಎತ್ತಿ ಆಡಿದಾಗ ಅವರು, "ನಾನು ಇರೋದ್ನ ಇದ್ದಂಗೆ ಆಕ್ತೀನಿ. ಊರ ಸರಿ ಮಾಡಿ, ತೋಪ್ನೂ ಸರಿ ಮಾಡ್ತೀನಿ," ಎಂದರು. ನಾನು ಮಾತು ಬೆಳೆಸಲಿಲ್ಲ. ಊರು ಸರಿಯಾಗಿಲ್ಲ ಎಂದು ಅವರೇ ಒಪ್ಪಿದ್ದರಲ್ಲ.

ನಕ್ಷೆಯ ಆ ಒಂದು ಪದ ಊರಿಗೆ ತಿಳಿದದ್ದು 1958ರಲ್ಲಿ. ಯಾವುದೋ ಕಾಲುವೆ ಕೆಲಸಕ್ಕೆ ಬಂದವರು ನಕ್ಷೆ ಬಿಚ್ಚಿ, "ಇಲ್ಲಿ ಊರೇ ಇಲ್ಲವಲ್ಲ!" ಎಂದು ನಕ್ಕಿದ್ದರಂತೆ. ಹಾಳು ಎಂದು ಬರೆಸಿದವರು ಯಾರು? ಎದುರು ದಡದ ಹೊಂಗೇಹಳ್ಳಿ ದೊಡ್ಡ ಊರು. ಉಗನಿಕೊಪ್ಪಲು ದಾಖಲೆಗಳಲ್ಲಿ ಅದರ ಬಾಲ. ಓಟು ಅಲ್ಲಿ, ಪಡಿತರ ಚೀಟಿ ಅಲ್ಲಿಯದು. ಸರ್ವೆಯವರು ಬಂದಾಗ ಅವರಿಗೆ ಬಿಡಾರ ಕೊಟ್ಟಿದ್ದವರು ಹೊಂಗೇಹಳ್ಳಿಯ ಪಟೇಲರು. ಕೊಪ್ಪಲನ್ನು ಅಳಿಸಿಹಾಕಲು ಪಟೇಲರೇ ಹಾಗೆ ಬರೆಸಿದರು ಎಂದು ಒಬ್ಬರು ಹೇಳಿದರು, ಎಲ್ಲರೂ ನಂಬಿದರು. ದೊಡ್ಡತಾಯಮ್ಮನ ಮೈದುನ ಜವರಯ್ಯನಿಗೆ ಪಟೇಲರ ಮೊಮ್ಮಗಳು ಮಾದಮ್ಮನನ್ನು ತರುವುದೆಂದು ವೀಳ್ಯವಾಗಿತ್ತು. ಜವರಯ್ಯ ಆ ಸಂಬಂಧ ಮುರಿದ. ಅಂದಿನಿಂದ ಎರಡೂ ಊರುಗಳ ನಡುವೆ ಹೆಣ್ಣು ಕೊಡುವುದು, ತರುವುದು ನಿಂತಿತು.

1995ಕ್ಕೆ ಆ ಪದ ಬರೀ ಮಾನದ ಮಾತಾಗಿ ಉಳಿದಿರಲಿಲ್ಲ. ಬಂಡೆಹಾಸಿನ ಮೇಲೆ ಸೇತುವೆ ಬೇಕೆಂದು ಕೊಪ್ಪಲಿನವರು ಕೊಟ್ಟ ಅರ್ಜಿಗೆ ಉತ್ತರ ಬಂದಿತ್ತು. ನಕ್ಷೆಯ ಪ್ರಕಾರ ಪಡುವಣ ದಡದಲ್ಲಿ ಜನವಸತಿ ಇಲ್ಲ, ಆದ್ದರಿಂದ ಸೇತುವೆಯ ಅಗತ್ಯ ಕಾಣುವುದಿಲ್ಲ. ಹೊಳೆ ತುಂಬಿದರೆ ಕಬ್ಬಿನ ಗಾಡಿಗಳು ಒಂಬತ್ತು ಮೈಲಿ ಬಳಸಿ ಹೋಗಬೇಕು. ಹಾಲಿನ ಕ್ಯಾನು ಡೈರಿ ಮುಟ್ಟುವ ಹೊತ್ತಿಗೆ ಹಾಲು ಒಡೆದಿರುತ್ತದೆ. ಅಪ್ಪು ಎಂಬ ಸಕ್ಕರೆ ಕಾರ್ಖಾನೆಯ ನೌಕರ ಮೂರು ಸಲ ಕಚೇರಿಗೆ ಅಲೆದು, "ನಾನೇ ಆ ಊರಿನವನು ಸಾರ್, ನಿಮ್ಮ ಎದುರಿಗೇ ನಿಂತಿದೀನಿ," ಎಂದು ಹೇಳಿ ನೋಡಿದ್ದ. ಕೊನೆಗೆ ಒಬ್ಬ ಇಂಜಿನಿಯರ್ ಸ್ಥಳ ನೋಡಿ ಮಹಜರು ಬರೆಯುತ್ತಾರೆ ಎಂದಾಯಿತು. ಒಂದೇ ಸಲ, ಒಂದೇ ದಿನ. ಫೆಬ್ರವರಿ 21, ಮಂಗಳವಾರ.

ಅದೇ ಮಂಗಳವಾರಕ್ಕೆ ಹೊರಬೀಡೆಂದು ಆಗಲೇ ತಮಟೆ ಸಾರಿಸಿ ಆಗಿತ್ತು. ವಿಚಿತ್ರವೇನಲ್ಲ. ದಾರಿ ಒಣಗಿ, ಹೊಲ ಖಾಲಿಯಾದ ಮೇಲೆಯೇ ಅಳೆಯುವವರೂ ಹೊರಡುತ್ತಾರೆ, ಊರೂ ಹೊರಬೀಳುತ್ತದೆ.

ಅರಳಿಕಟ್ಟೆಯ ಮೇಲೆ ಊರು ಸೇರಿತು. ಯಜಮಾನಿಕೆ ಜವರಯ್ಯನದು.

"ಸಾರಿದ್ಮೇಲೆ ಮುಗೀತು. ತಿರುಗ್ಸಂಗಿಲ್ಲ," ಎಂದ ಜವರಯ್ಯ.

"ಒಂದ್ವಾರ ಮುಂದಕ್ಕಾಕಿದ್ರೆ ಮಾರಿ ಏನ್ ಮುನಿಸ್ಕಂಡಾಳಾ ದೊಡ್ಡಪ್ಪ?" ಎಂದ ಅಪ್ಪು. "ಅವ್ಳ್ ಬರದು ವರ್ಸವರ್ಸ. ಇಂಜಿನೇರು ಬರದು ಒಂದೇ ಕಿತ."

"ನಿನ್ ಮಗೀಗೆ ಮೈಮೇಲೆ ಅಮ್ಮ ಎದ್ದಾಗ ಓಗಿ ಇಂಜಿನೇರ್ನ ಕರ್ಕಂಡ್ ಬಾ ಕಣ್ಲಾ!"

"ನಿಮ್ ಮಾರಿ ಸೇತ್ವೆ ಕಟ್ಟಿಸ್ಕೊಟ್ಟಾಳಾ?"

"ಲೇ, ನಾಲ್ಗೆ ಬಿಗಿಯಿಡ್ಕಂಡ್ ಮಾತಾಡ್ಲಾ!"

ದೊಡ್ಡತಾಯಮ್ಮ ಕಟ್ಟೆಯ ಕೆಳಗೆ ನಿಂತಿದ್ದರು. ಗದ್ದಲ ತಗ್ಗುವವರೆಗೆ ಕಾದರು.

"ಜವ್ರಾ, ಸುಮ್ಕಿರು. ಅಪ್ಪು, ನೀನೂವೆ. ಅವ್ರು ಬರದು ಊರ ನೋಡಕ್ಕೆ. ಅವತ್ತು ಊರೆಲ್ಲಿರ್ತದೆ? ತೋಪ್ನಲ್ಲಿ ಇರ್ತದೆ. ಒಗೆ ಕಂಡು ಬತ್ತಾರೆ, ಅಲ್ಲೇ ನೋಡ್ಲಿ."

"ಯಾವೂರು ಅಂತ ಕೇಳಿದ್ರೆ ಅತ್ಗೆ? ಯೋಳಂಗಿಲ್ವಲ್ಲ."

"ಬರದು ನೋಡಕ್ಕೆ ಕನ, ಕೇಳಕ್ಕಲ್ಲ."

ಇಲ್ಲಿ ಅವರ ಲೆಕ್ಕ ತಪ್ಪಿತ್ತು. ಸರ್ಕಾರ ನೋಡಿದ್ದನ್ನು ನಂಬುವುದಿಲ್ಲ, ಕೇಳಿ ಬರೆದುಕೊಂಡದ್ದನ್ನೇ ನಂಬುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದರೂ ಆಗ ಹೊಳೆಯಲಿಲ್ಲ.

ಸೋಮವಾರ ಅವರು ಎಂದಿಗಿಂತ ನಿಧಾನವಾಗಿ ಅಳೆದರು. ಎರಡು ಕಡೆ ಗುರುತು ಅಳಿಸಿ ಮತ್ತೆ ಹಾಕಿದರು. ಊರಬಾಗಿಲಿಗೆಂದು ಎರಡು ಕೋಲು ನೆಟ್ಟರು, ಬಸವಣ್ಣನ ಗುಡಿಯಿರುವಲ್ಲಿ ಒಂದು ಇಟ್ಟಿಗೆ, ಬಾವಿಯಿರುವಲ್ಲಿ ಒಂದು ನೀರಿನ ಗಡಿಗೆ ಇಟ್ಟರು. ಇವು ಯಾವ ವರ್ಷವೂ ಇಟ್ಟವಲ್ಲ.

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಇಲಾಖೆಯ ಜೀಪು ಬಂತು. ಇಂಜಿನಿಯರ್ ರಘುನಂದನ್ ಮೂವತ್ತು ದಾಟದ, ಮೈಸೂರಿನಲ್ಲಿ ಓದಿದ ಹುಡುಗ. ಓಡಿಸುತ್ತಿದ್ದವನು ಶ್ರೀರಂಗಪಟ್ಟಣದ ಮುನಾವರ್ ಪಾಷಾ. ಆಮೇಲೆ ಅವನೇ ಹೇಳಿದಂತೆ, ಊರಬಾಗಿಲಿನ ಮುಳ್ಳು ಕಂಡು ಇಬ್ಬರೂ ಇಳಿದರು. ಕೂಗಿದರು. ನಾಯಿಯೂ ಬೊಗಳಲಿಲ್ಲ. ರಘುನಂದನ್ ಕಾಗದದ ಮೇಲೆ 'ಜನರಿಲ್ಲ' ಎಂದು ಬರೆದು ಜೀಪು ಹತ್ತಿದ್ದರು. ತಿರುಗಿಸುವಾಗ ಪಾಷಾ ದಿಬ್ಬದ ಕಡೆ ನೋಡಿದ.

"ಅರೆ ಸಾರ್, ಅಲ್ನೋಡಿ, ಧುವಾ! ಹೊಗೆ! ಒಂದಲ್ಲ ಎರಡಲ್ಲ, ಪೂರಾ ಬಸ್ತಿ ಅಡ್ಗೆ ಮಾಡ್ತಾ ಇದೆ!"

ಹಾಗೆ ಅವರು ತೋಪಿಗೆ ಬಂದರು. ಮುನ್ನೂರಕ್ಕೂ ಹೆಚ್ಚು ಜನ, ಅದರ ಅರ್ಧದಷ್ಟು ದನ, ಮರದ ಕೊಂಬೆಗಳಿಗೆ ಕಟ್ಟಿದ ತೊಟ್ಟಿಲುಗಳು, ಬುಟ್ಟಿ ಕವುಚಿದ ಕೋಳಿಗಳು. ರಘುನಂದನ್ ನಿಂತಲ್ಲೇ ನಿಂತರು.

"ಇವರೆಲ್ಲ ಎಲ್ಲಿಯವರು?"

"ಬನ್ನಿ ಸ್ವಾಮಿ," ಎಂದರು ದೊಡ್ಡತಾಯಮ್ಮ. "ಎಲ್ಲಿಯೋರು ಅಂತ ಬಾಯಲ್ಲಿ ಯೋಳಂಗಿಲ್ಲ. ಕಣ್ಣಲ್ಲಿ ನೋಡಿ. ಇದು ಊರಬಾಕ್ಲು. ಇದು ಗುಡಿ. ಇದು ಬಾವಿ. ಇಲ್ಲಿಂದ ಇಂಗೆ ಓಯ್ತದಲ್ಲ, ಇದು ಮೂಡ್ಲುಬೀದಿ. ನಮ್ ಒಂದೆಜ್ಜೆ ಅಂದ್ರೆ ಅಲ್ಲಿ ಮೂರೆಜ್ಜೆ."

ಇಂಜಿನಿಯರ್ ಮೊದಲು ನಕ್ಕರು. ನಾಲ್ಕನೆಯ ಒಲೆಯ ಹತ್ತಿರ ನಗು ನಿಂತಿತು. ಜೇಬಿನಿಂದ ಟೇಪು ತೆಗೆದು ಎರಡು ಒಲೆಗಳ ನಡುವೆ ಹಿಡಿದರು. ಕಾಗದ ತೆಗೆದು ಗೆರೆ ಎಳೆಯತೊಡಗಿದರು. ಮುಕ್ಕಾಲು ಗಂಟೆ ಅವರು ಅಜ್ಜಿಯ ಹಿಂದೆ ನಡೆದರು, ನಾನು ಅವರ ಹಿಂದೆ ನಡೆದೆ.

ಪಡುವಲಬೀದಿಯ ಸಾಲಿನಲ್ಲಿ ಒಂದು ಕಡೆ ಕಲ್ಲುಗಳಿದ್ದವು, ಬೆಂಕಿ ಇರಲಿಲ್ಲ.

"ಇಲ್ಲಿ ಯಾಕೆ ಖಾಲಿ ಅಜ್ಜಿ?"

"ಆ ಮನೆ ಗ್ವಾಡೆ ಬಿದ್ದದೆ. ಜನ ಇಲ್ಲ."

"ಸುಮ್ಮನೆ ಒಂದು ಒಲೆ ಹಚ್ಚಿದ್ದರೆ ಲೆಕ್ಕ ಹೆಚ್ಚುತ್ತಿತ್ತಲ್ಲ."

"ಇಲ್ದಿದ್ದುನ್ನ ಅದೆ ಅಂದ್ರೆ, ಇರೋದ್ನ ನೀವ್ ಯಾಕ್ ನಂಬೀರಿ?"

ರಘುನಂದನ್ ಪರೀಕ್ಷಿಸದೆ ಬಿಡುವವರಲ್ಲ. ಅದು ನನಗೆ ಹಿಡಿಸಿತು. ಪಾಷಾನನ್ನು ಜೀಪಿನೊಡನೆ ಊರಬಾಗಿಲಿಗೆ ಕಳಿಸಿ, ಮುಳ್ಳು ದಾಟದೆ ಜೀಪಿನ ತಲೆಯ ಮೇಲೆ ಹತ್ತಿ ನೋಡಲು ಹೇಳಿದರು. ತಾವು ದಿಬ್ಬದ ಮೇಲೆ ನಿಂತು ಕೂಗಿದರು.

"ಎಡಗಡೆ ಬೀದಿ, ಆರನೇ ಮನೆ!"

"ಬಿದ್ದೋಗಿದೆ ಸಾರ್! ಗೋಡೆ ಇದೆ, ಛತ್ ಇಲ್ಲ!"

"ಬಲಗಡೆ, ಮೂರನೆಯದು!"

"ಒಂದೇ ಮನೆ, ಎರಡು ಬಾಗ್ಲು! ಅಣ್ಣತಮ್ಮಾಸ್ ಲಡಾಯಿ ಇರ್ಬೇಕು ಸಾರ್!"

ತೋಪೆಲ್ಲ ನಕ್ಕಿತು. ಆ ಮನೆಯ ಅಣ್ಣತಮ್ಮಂದಿರು ಮಾತ್ರ ತಮ್ಮ ತಮ್ಮ ಒಲೆಯ ಕಡೆಗೆ ಮುಖ ತಿರುಗಿಸಿದರು. ಹನ್ನೊಂದು ಮನೆ ಕೇಳಿದರು, ಹನ್ನೊಂದೂ ಒಲೆಗಳಿಗೆ ಸರಿಹೋದವು. ಹೊತ್ತಿದ ಒಲೆ ಅರವತ್ತಮೂರು, ಹೊತ್ತದ ಒಲೆ ಎರಡು. ಹಳೆಯ ನಕ್ಷೆ ಬರೆದವರು ಬಂಡಿಗಟ್ಟಲೆ ಸಾಮಾನು, ಆಳುಕಾಳು ಹೊತ್ತು ತಂದು ಅಳೆದಿದ್ದರು. ಓದುಬರಹವಿಲ್ಲದ ಈ ಹೆಂಗಸು ಬೂದಿ ಮತ್ತು ಪಾದಗಳಿಂದ ಅಳೆದದ್ದು ಅವರದಕ್ಕಿಂತ ನಿಜವಾಗಿತ್ತು. ನಕ್ಷೆಗಳನ್ನು ಓದುವುದರಲ್ಲೇ ಬಹಳ ವರ್ಷ ಕಳೆದಿರುವ ನಾನು ಇದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ರಘುನಂದನ್ ಮಹಜರಿನ ಹಾಳೆ ಬಿಡಿಸಿ ಕುಳಿತರು.

"ಊರಿನ ಹೆಸರು?"

ಅಪ್ಪು ಬಾಯಿ ತೆರೆದ. ಜವರಯ್ಯ ದುರುಗುಟ್ಟಿ ನೋಡಿದ. ಅಪ್ಪು ಬಾಯಿ ಮುಚ್ಚಿದ.

"ಹೆಸರು ಹೇಳಿ, ಇಬ್ಬರು ಪಂಚರು ಸಹಿ ಹಾಕಿ, ಮುಗಿಯಿತು. ನಾಲ್ಕು ಗಂಟೆಗೆ ನಾನು ಹೊರಡಲೇಬೇಕು. ಕಡತ ಇವತ್ತೇ ಕೊಡಬೇಕು."

"ಒತ್ತು ಮುಳುಗ್ಲಿ, ಬರ್ಕಳಿ," ಎಂದ ಜವರಯ್ಯ.

"ಆಗುವುದಿಲ್ಲ ಯಜಮಾನರೇ. ಹೆಸರಿಲ್ಲದೆ ಕೊಟ್ಟರೆ, ತೋಪಿನಲ್ಲಿ ಯಾರೋ ವನಭೋಜನಕ್ಕೆ ಬಂದಿದ್ದರು ಅಂತಾರೆ. ಮೇಡಂ ಹೆಸರು ಹೇಳಬಹುದು, ಆದರೆ ಅವರು ಹೊರಗಿನವರು. ಸ್ಥಳೀಯರೇ ಹೇಳಬೇಕು. ಅಜ್ಜಿ, ಒಂದು ಮಾತು. ಹೇಳಿದರೆ ಏನಾಗುತ್ತದೆ?"

ದೊಡ್ಡತಾಯಮ್ಮ ಒಲೆಗಳ ಸಾಲಿನ ಮೇಲೊಮ್ಮೆ ಕಣ್ಣಾಡಿಸಿದರು. ಅವರ ಮುಂದಿದ್ದ ಇಕ್ಕಟ್ಟು ನನಗೆ ಅರ್ಥವಾಗಿರಲಿಲ್ಲ.

"ಯೋಳಿದ್ರೆ ಏನಾಯ್ತದೋ ಕಾಣೆ," ಎಂದರು. "ಯೋಳ್ದೆ ಓದ್ರೆ ಏನಾಯ್ತದೆ ಅಂತ ಗೊತ್ತು. ನಿಮ್ ಕಾಗ್ದುದಲ್ಲಿ ಹಾಳು ಅಂತದಲ್ಲ, ಅದ ಬರ್ಸಿದ್ದು ನಾನು."

ಜವರಯ್ಯ ಎದ್ದು ನಿಂತ. "ಏನಂದೆ ಅತ್ಗೆ?"

"ನಂಗಾಗ ಒಂಬತ್ತು ವರ್ಸ. ಇದೇ ದಿಸ, ಇನ್ನೂ ಒಲೆ ಅಚ್ಚಿರ್ಲಿಲ್ಲ. ಮೇಕೆ ತಪ್ಪಿಸ್ಕತ್ತು ಅಂತ ಅಜ್ಜಿ ನನ್ನ ಊರ್ಬಾಕ್ಲ ತಾವ ಕಳ್ಸಿದ್ಲು. ಪೇಟ ಸುತ್ತಿದ್ದ ಸಾಯೇಬ್ರು, ಮೂರು ಕಾಲಿನ್ ಮೇಜ ಒತ್ಕಂಡ್ ಇಬ್ರು. ಯಾವೂರಮ್ಮ ಇದು ಅಂದ್ರು. ಅಜ್ಜಿ ಯೋಳ್ಕೊಟ್ಟಿದ್ದ ಯೋಳ್ದೆ. ಅದು ಹಾಳೂರು, ಅಲ್ಲಿ ಯಾರೂ ಇಲ್ಲ. ಅವ್ರು ಮುಳ್ಳ ನೋಡಿದ್ರು, ಬರ್ಕಂಡ್ರು, ಓದ್ರು. ಮಾರಿ ಅಂತ್ಲೇ ಅನ್ಕಂಡಿದ್ದೆ ನಾನು. ಗೆದ್ದೆ ಅಂತ ಮೇಕೆ ಇಡ್ಕಂಡ್ ಕುಣ್ಕಂಡ್ ಬಂದೆ."

ಯಾರಿಗೂ ನಗು ಬರಲಿಲ್ಲ. ಜವರಯ್ಯನ ಮುಖ ಕಪ್ಪಿಟ್ಟಿತು.

"ಅಂಗಾದ್ರೆ ಪಟೇಲ್ರು..."

"ಪಟೇಲ್ರು ಏನೂ ಮಾಡ್ಲಿಲ್ಲ."

"ಗೊತ್ತಿದ್ದೂ ಸುಮ್ಕಿದ್ದಾ? ನಾನು ಆ ಹೆಣ್ಣ ಬ್ಯಾಡ ಅಂದಾಗ್ಲೂ?"

"ಸುಮ್ಕಿದ್ದೆ."

ಅವರು ಕಾರಣ ಕೊಡಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಇಂಜಿನಿಯರ್ ಕಡೆ ತಿರುಗಿ, "ಸ್ವಾಮಿ, ಇವತ್ತು ನಮ್ಮೋರ್ಯಾರೂ ಎಸ್ರು ಯೋಳಲ್ಲ. ಕಟ್ಟಳೆ ಕಟ್ಟಳೆನೇ. ಆದ್ರೆ ಎದ್ರು ದಡದೋರಿಗೆ ಈ ಕಟ್ಟಳೆ ಇಲ್ಲ. ಅವ್ರು ಸ್ಥಳೀಕರೇ ತಾನೆ? ಪಟೇಲ್ರ ಮೊಮ್ಮಗ ಅವ್ನೆ, ಚಿಕ್ಕಯ್ಯ. ಕರ್ಕಂಡ್ ಬತ್ತೀನಿ," ಎಂದರು.

"ಬೇರೆಯವರನ್ನು ಕಳಿಸಿ ಅಜ್ಜಿ, ಬಿಸಿಲು."

"ಇದು ಕಳ್ಸೋ ಕೆಲ್ಸ ಅಲ್ಲ."

ಬಂಡೆಹಾಸಿನ ಮೇಲೆ ಮೊಣಕಾಲುದ್ದ ನೀರು. ಸೀರೆ ಎತ್ತಿ ಕಟ್ಟಿ ಹಾಯ್ದರು. ಜೀಪು ಬೇಡವೆಂದರು. ನಾನೂ ಜೊತೆಗೆ ಹೋದೆ.

ಚಿಕ್ಕಯ್ಯ ಅರವತ್ತರ ಹತ್ತಿರದವರು. ಅಂಗಳದಲ್ಲಿ ಕಬ್ಬಿನ ಸೋಗೆ ಕತ್ತರಿಸುತ್ತಿದ್ದರು. ದೊಡ್ಡತಾಯಮ್ಮನನ್ನು ಕಂಡು ಕತ್ತಿ ಕೆಳಗಿಟ್ಟರು.

"ಏನವ್ವ, ಸಾರಿಗೆ ಬೆಂಕಿ ಸಾಲ್ದೆ ಕೆಂಡ ಕೇಳಕ್ ಬಂದ್ಯಾ?"

"ಸಹಿ ಕೇಳಕ್ ಬಂದೆ. ಅದ್ಕೂ ಮುಂಚೆ ಒಂದ್ ಮಾತು," ಎಂದು ನಿಂತೇ ಹೇಳಿದರು. ತೋಪಿನಲ್ಲಿ ಹೇಳಿದ ಅಷ್ಟನ್ನೂ, ಒಂದು ಪದ ಹೆಚ್ಚಿಲ್ಲದೆ, ಕಡಿಮೆಯಿಲ್ಲದೆ.

ಚಿಕ್ಕಯ್ಯ ಕತ್ತರಿಸಿದ ಸೋಗೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು.

"ನಮ್ತಾತ ಸಾಯೋ ತನಕ ನಿಮ್ಮೂರ್ ಕಡೆ ತಲೆ ಎತ್ತಿ ನೋಡ್ನಿಲ್ಲ. ನಾನ್ ಬರ್ಸಿಲ್ಲ, ಬರ್ಸಿಲ್ಲ ಅಂತ ಗೊಣಗ್ತಾನೇ ಓದ. ನಾವೂ ನಂಬ್ನಿಲ್ಲ ಕನವ್ವ ಅವ್ನ. ಬರ್ಸಿರ್ಬೋದು ಅಂತ್ಲೇ ಅನ್ಕಂಡಿದ್ದೊ."

ದೊಡ್ಡತಾಯಮ್ಮ ಮೊದಲ ಸಲ ನೆಲ ನೋಡಿದರು.

"ಬತ್ತೀನಿ," ಎಂದರು ಚಿಕ್ಕಯ್ಯ. "ಸಹಿ ಆಕ್ತೀನಿ. ಆದ್ರೆ ನಾಳೀಕೆ ನೀನು ನಮ್ಮೂರ್ ಕಟ್ಟೆಗ್ ಬಂದು, ಜನದ್ ಮುಂದೆ ಇದ ಇಂಗೇ ಯೋಳ್ಬೇಕು."

"ಯೋಳ್ತೀನಿ. ಉಂಡ್ಮೇಲೆ ಬರ್ಲಾ, ಮುಂಚೆ ಬರ್ಲಾ?"

ಮೂರೂಕಾಲಕ್ಕೆ ಚಿಕ್ಕಯ್ಯ ತೋಪಿಗೆ ಬಂದರು. ತಮ್ಮ ಊರಿನ ಇನ್ನೊಬ್ಬನನ್ನೂ ಜೊತೆಗೆ ಕರೆತಂದಿದ್ದರು. ಕನ್ನಡಕ ಹಾಕಿಕೊಂಡು ಮಹಜರನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಖಾಲಿ ಬಿಟ್ಟ ಜಾಗದಲ್ಲಿ ಬೆರಳಿಟ್ಟು, ಸಭೆಗೆ ಕೇಳುವಂತೆ ಹೇಳಿದರು.

"ಬರ್ಕಳಿ ಸ್ವಾಮಿ. ಉಗನಿಕೊಪ್ಪಲು. ನಮ್ಮೂರಿನ್ ಎದ್ರು ದಡದ್ದು. ನಮ್ ಮುತ್ತಾತನ ಕಾಲ್ದಿಂದ ಅದೆ. ಒಂದ್ ದಿಸನೂ ಹಾಳ್ ಬಿದ್ದಿಲ್ಲ."

ತಾವಾಗಿ ಹೇಳಲಾಗದ ಹೆಸರನ್ನು ಊರಿನವರು ಹೀಗೆ ಕೇಳಿಸಿಕೊಂಡರು. ಗಂಡಸರು ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದಿದ್ದರು. ಜವರಯ್ಯ ಚಿಕ್ಕಯ್ಯನ ಎದುರು ಬಂದು ಒಂದು ಎಲೆ ಹಾಸಿ, "ಉಣ್ಣು ಕೂತ್ಕೊ," ಎಂದ. ಚಿಕ್ಕಯ್ಯ ಕುಳಿತರು. ಎರಡು ಮುದ್ದೆ ಉಂಡರು. ಪಾಷಾ, "ಸಹಿ ಹಾಕಿದೋರ್ಗೆ ಮಾತ್ರಾನಾ, ಜೀಪ್ ಮೇಲೆ ಹತ್ತಿ ಕೂಗಿದೋರ್ಗೆ ಇಲ್ವಾ?" ಎಂದ ಮೇಲೆ ಅವನಿಗೂ ಎಲೆ ಬಿತ್ತು.

ಮರುದಿನ ದೊಡ್ಡತಾಯಮ್ಮ ಹಾಲು ಕರೆದು ಡೈರಿಯ ಕ್ಯಾನಿಗೆ ಹಾಕಿ, ಒಬ್ಬರೇ ಹೊಳೆ ದಾಟಿದರು. ಹೊಂಗೇಹಳ್ಳಿಯ ಕಟ್ಟೆಯ ಸುತ್ತ ಅರವತ್ತು ಎಪ್ಪತ್ತು ಜನ ಸೇರಿದ್ದರು, ಮೊದಲೇ ಬಂದಿದ್ದ ನಾನೂ ಅವರ ನಡುವೆ ಇದ್ದೆ. ಕೆ.ಆರ್.ಪೇಟೆ ಕಡೆಯ ಶೀಳನೆರೆಗೆ ಲಗ್ನವಾಗಿದ್ದ ಚಿಕ್ಕಯ್ಯನ ಅಕ್ಕ ಮಾದಮ್ಮನೂ ತವರಿಗೆ ಬಂದಿದ್ದರು. ಕೂರಲು ಚಾಪೆ ಹಾಸಿದರು, ದೊಡ್ಡತಾಯಮ್ಮ ಕೂರಲಿಲ್ಲ. ನಿಂತು ಹೇಳಿದರು. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ, "ತಪ್ಪಾಯ್ತು ಅನ್ನಕ್ಕೆ ಬಾಯ್ ಬರಾಕಿಲ್ವಾ?" ಎಂದ.

"ಒಂಬತ್ ವರ್ಸದ್ ಮಗ ಕಟ್ಟಳೆ ನಡೆಸ್ತು. ಅದ್ರಲ್ಲಿ ತಪ್ಪಿಲ್ಲ. ನಿಮ್ ಪಟೇಲ್ರ ಮ್ಯಾಲೆ ಮಾತು ಬಂದಾಗ ನಾನು ಮೂವತ್ತೆಂಟ್ ವರ್ಸದೋಳು. ಆವತ್ತಿಂದ ಮೂವತ್ತೇಳ್ ವರ್ಸ ಬಾಯ್ಮುಚ್ಕಂಡಿದ್ದೆ. ಅದು ತಪ್ಪು. ಯಾವ್ದುಕ್ಕೆ ಎಷ್ಟೋ ಅಷ್ಟ ಒಪ್ಕತೀನಿ."

ಆಗ ಮಾದಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ಬುಡಕ್ಕ ಅತ್ಲಾಗಿ. ಆ ಜವರಯ್ಯನ್ನ ಕಟ್ಕಂಡಿದ್ರೆ ವರ್ಸವರ್ಸ ತೋಪ್ನಲ್ಲಿ ಒಗೆ ಕುಡೀಬೇಕಾಗಿತ್ತು ನಾನು," ಎಂದರು. ಕಟ್ಟೆಯೆಲ್ಲ ನಕ್ಕಿತು. ಯಾರೋ ಮಜ್ಜಿಗೆ ತಂದರು. ದೊಡ್ಡತಾಯಮ್ಮ ಕುಡಿದು ಲೋಟ ಕೆಳಗಿಟ್ಟರು.

"ಚಿಕ್ಕಯ್ಯ, ಸೇತ್ವೆ ಬಂದ್ರೆ ಗಾಡಿ ಇಳಿಯಕ್ಕೆ ಈ ದಡದಲ್ಲೂ ಜಾಗ ಬುಡ್ಬೇಕಲ್ಲ. ಬಂಡೆ ಪಕ್ಕದ್ ಗದ್ದೆ ಯಾರ್ದು?"

"ನಂದೇ."

"ಎಂಟ್ ಮಾರು ಬುಟ್ರೆ ಸಾಕು. ಬರೋವಾಗ ಅಳ್ಕಂಡೇ ಬಂದೆ."

ಚಿಕ್ಕಯ್ಯ ಕನ್ನಡಕ ತೆಗೆದು ಅವರನ್ನೇ ನೋಡಿದರು. "ಅಲ್ಲ ಕನವ್ವ, ನೀನು ತಪ್ಪೊಪ್ಕಳಕ್ ಬಂದ್ಯೋ, ಗದ್ದೆ ಕೇಳಕ್ ಬಂದ್ಯೋ?"

"ಈ ವಯಸ್ನಲ್ಲಿ ಎರಡ್ ಕಿತ ಯಾಕ್ ನಡೀಲಿ?"

ಸೇತುವೆ ಮುಗಿಯಲು ಮತ್ತೆ ಮೂರು ವರ್ಷ ಹಿಡಿಯಿತು. ಮೂಡಣ ದಡದಲ್ಲಿ ಅದು ಇಳಿಯುವುದು ಚಿಕ್ಕಯ್ಯನವರ ಗದ್ದೆಯ ಮೂಲೆಗೆ, ಎಂಟು ಮಾರಿನ ಅಗಲಕ್ಕೆ.